ಗಾಳಿಗೆ ಬೆನ್ನು ಹಾಕಿದ ಬಾಗಿಲು

ಟೆಂಟು ಮೂರನೆಯ ಸಲ ಮಕಾಡೆ ಬಿದ್ದಾಗ ಪ್ರಿನ್ಸಿಪಾಲ್ ಗೋವಿಂದರಾಯರು ಅದರೊಳಗೇ ಇದ್ದರು. ಹೊರಬರುವ ದಾರಿ ಕಾಣದೆ ಬಟ್ಟೆಯೊಳಗಿಂದಲೇ ಕೂಗಿದರು: "ಸಿದ್ದರಾಯಾ, ಬಾಗಿಲಾ ಎಲ್ಲಿ ಅದರೀ?"

"ಮೊಬೈಲ್‌ನ್ಯಾಗ ಆ ವಿಡಿಯೋದ ಹುಡುಗ ಎರಡ ನಿಮಿಷದಾಗ ನಿಂದ್ರಸಿದ್ನಲ್ರೀ ಸರ್," ಎನ್ನುತ್ತ ಸಿದ್ದರಾಯ ಅಂಚು ಎತ್ತಿ ಅವರನ್ನು ಬಿಡಿಸಿದ. ಅವನು ಅದೇ ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕ. ಭೂಮಿಯ ಮೇಲಿನ ಗಾಳಿಗಳ ಬಗ್ಗೆ ಒಂದು ತಾಸು ನಿರರ್ಗಳವಾಗಿ ಮಾತಾಡುವವನಿಗೆ ಮುದ್ದೇಬಿಹಾಳದ ತನ್ನ ಮನೆಯಂಗಳದ ಗಾಳಿ ಬಗ್ಗುತ್ತಿರಲಿಲ್ಲ.

ಬರುವ ಶನಿವಾರ ಎರಡೂ ಮನೆಯವರು ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ ಟೆಂಟು ಹಾಕಿ ಇರುವುದೆಂದು ನಿಶ್ಚಯವಾಗಿತ್ತು. ಒಳಗೆ ಗೋವಿಂದರಾಯರ ಹೆಂಡತಿ ಸುಜಾತಾ, ಸಿದ್ದರಾಯನ ಹೆಂಡತಿ ವಸುಧಾ ಇಬ್ಬರೂ ಕಟಕ ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಷ್ಟು ಎಂದು ಪಟ್ಟಿ ಮಾಡುತ್ತಿದ್ದರು. ಹೋಗುವವರ ಪಟ್ಟಿಯಲ್ಲಿ ಸಿದ್ದರಾಯನ ತಾಯಿ ಕಸ್ತೂರೆವ್ವನ ಹೆಸರಿರಲಿಲ್ಲ. ಅವ್ವನಿಗೆ ಥಂಡಿ ತಡೆಯುವುದಿಲ್ಲ ಎಂದು ಸಿದ್ದರಾಯ ಎಲ್ಲರಿಗೂ ಹೇಳಿಯಾಗಿತ್ತು. ಆಕೆ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

ಇಪ್ಪತ್ತೈದು ವರ್ಷ ಕುರಿ ಹಿಂಡಿನ ಬೆನ್ನು ಹತ್ತಿ ಅಡ್ಡಾಡಿದ ಹೆಣ್ಣುಮಗಳು ಅವಳು. ಕತ್ತಲಾದಲ್ಲಿ ಗುಡಾರ, ಬೆಳಗಾದರೆ ಮುಂದಿನ ಊರು. ಅವಳಿಗೆ ಥಂಡಿಯಂತೆ! ನಿಜ ಬೇರೆಯೇ ಇತ್ತು. ಬೆಳಿಗ್ಗೆ ಸಿದ್ದರಾಯ ಹತ್ತಿರ ಬಂದು ಮೆಲ್ಲಗೆ ಹೇಳಿದ್ದ: "ಯವ್ವಾ, ಸರ್ ಮುಂದ ಆ ಕುರಿ ಸುದ್ದಿ ತಗೀಬ್ಯಾಡ." ಹುಟ್ಟಿದ್ದೆಲ್ಲಿ ಎಂದು ಯಾರಾದರೂ ಕೇಳಿದರೆ ಅವನು ಸರ್ಕಾರಿ ದವಾಖಾನೆ ಎಂದೇ ಹೇಳಿಕೊಂಡು ಬಂದವನು. ಕಸ್ತೂರೆವ್ವ "ಆತು" ಎಂದಿದ್ದಳು. ಹಾಗೆಂದಾಗ ಎದೆ ಚುಳ್ ಎಂದಿತ್ತು.

ನಾಲ್ಕನೆಯ ಸಲ ಗಾಳಿ ಟೆಂಟನ್ನು ಗೂಟ ಸಮೇತ ಕಿತ್ತುಕೊಂಡು ಹೊರಟಿತು. ಗೋವಿಂದರಾಯರು ಬೆವರು ಒರೆಸಿಕೊಂಡರು. "ಬಿಡ್ರಿ ಇದನ್ನ. ವಾಪಸ್ ಕಳಿಸಿ ಒಂದು ಲಾಡ್ಜ್ ನೋಡೂಣ."

ಸಿದ್ದರಾಯನ ಮಗಳು ಭುವನೇಶ್ವರಿಯ ಮುಖ ಸಣ್ಣದಾಯಿತು. ಹದಿನೈದು ದಿನದಿಂದ ಶಾಲೆಯ ಗೆಳತಿಯರಿಗೆಲ್ಲ ಟೆಂಟು ಟೆಂಟು ಎಂದು ಡಂಗುರ ಹೊಡೆದ ಹುಡುಗಿ. ಕಸ್ತೂರೆವ್ವ ಮೊಮ್ಮಗಳ ಮುಖ ನೋಡಿದಳು, ಮಗನನ್ನು ನೋಡಿದಳು. ಮೊರ ಕೆಳಗಿಟ್ಟು ಎದ್ದಳು.

ಒಂದು ಚಿಟಿಕೆ ಮಣ್ಣು ತೆಗೆದು ಮೇಲಿಂದ ಬಿಟ್ಟು ಅದು ಹಾರಿದ ದಿಕ್ಕು ನೋಡಿದಳು. "ಗೂಟ ನೆಟ್ಟಗ ಬಡದ್ರ ಎರಿ ಮಣ್ಣಾಗ ನಿಂದ್ರೂದಿಲ್ಲ ಸಿದ್ದು, ಓರಿ ಮಾಡಿ ಬಡಿ. ಮೊದಲ ಗಾಳಿ ಬರೂ ಕಡೆ ಬಿಗಿ. ಬಾಗಿಲಾ ಗಾಳಿಗಿ ಬೆನ್ನ ಹಾಕಲಿ." ಟೆಂಟಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಕೊಂಡಿಗಳನ್ನು ಆಕೆ ಮುಟ್ಟಲೂ ಇಲ್ಲ. ಹಗ್ಗಕ್ಕೆ ತನ್ನದೇ ಗಂಟು ಹಾಕಿ ಜಗ್ಗಿದಳು. ವಸುಧಾ ತಂದಿಟ್ಟ ಚಹಾ ಆರುವುದರೊಳಗೆ ಟೆಂಟು ಎದ್ದು ನಿಂತಿತು. ಗೋವಿಂದರಾಯರು ಎರಡೂ ಕೈಯಿಂದ ದಬ್ಬಿ ನೋಡಿದರು. ಅದು ಜಪ್ಪಯ್ಯ ಎನ್ನಲಿಲ್ಲ.

"ಅವ್ವಾರ, ಇದನ್ನೆಲ್ಲ ಎಲ್ಲಿ ಕಲ್ತೀರಿ?"

ಕಸ್ತೂರೆವ್ವ ಕೈಯ ಮಣ್ಣು ಝಾಡಿಸಿಕೊಂಡಳು. "ಯಾರೋ ಕುರಿಯವರು ಬಡಿಯೂದ ನೋಡಿದ್ನಿರಿ."

ಸುತ್ತಿಗೆ ಸಿದ್ದರಾಯನ ಕೈಯಲ್ಲೇ ಉಳಿಯಿತು. ಇಪ್ಪತ್ತೈದು ವರ್ಷದ ತನ್ನ ಬಾಳನ್ನು ಅವ್ವ ಅವನ ಮರ್ಯಾದೆಗಾಗಿ ಒಂದೇ ಮಾತಿನಲ್ಲಿ ಯಾರದೋ ಮಾಡಿಬಿಟ್ಟಿದ್ದಳು. ತಾನು ಹೇಳಿದ ಯಾವ ಸುಳ್ಳೂ ಅವನಿಗೆ ಇಷ್ಟು ನಾಚಿಕೆ ತಂದಿರಲಿಲ್ಲ.

"ಯಾರೋ ಅಲ್ರೀ ಸರ್, ನಾವ!" ಎಂದ. ಪಾಠ ಮಾಡುವಾಗಲೂ ಅವನ ದನಿ ಅಷ್ಟು ಏರುತ್ತಿರಲಿಲ್ಲ. "ನಾವ ಕುರಿಯವರು. ನಾ ದವಾಖಾನ್ಯಾಗ ಹುಟ್ಟಿಲ್ರೀ. ಹೊಳೀ ದಂಡಿ ಮ್ಯಾಲೆ ಗುಡಾರದಾಗ ಹುಟ್ಟೇನಿ. ಅವತ್ತ ಸಂಜೀಮುಂದ ಆ ಗುಡಾರದ ಗೂಟ ಬಡದಾಕಿನೂ ಈಕೀನ."

ಕಸ್ತೂರೆವ್ವ ಮಗನನ್ನು ನೋಡುತ್ತ ನಿಂತಳು. ಬೆಳಿಗ್ಗೆಯಿಂದ ಎದೆಯಲ್ಲಿದ್ದ ಭಾರ ಇಳಿದುಹೋಯಿತು.

ಗೋವಿಂದರಾಯರು ಮೊಬೈಲಿನಲ್ಲಿ ನಕ್ಷೆ ತೆರೆದರು. "ಯಾವ ಜಾಗಾರೀ ಅವ್ವಾರ? ತೋರಸ್ರಿ ನೋಡೂಣ."

ಓದು ಬಾರದ ಕಸ್ತೂರೆವ್ವ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ನಮ್ಮ ಊರು ಎಲ್ಲಿ, ಗುಡ್ಡ ಎಲ್ಲಿ, ಹೊಳಿ ಯಾವ ಕಡೆಯಿಂದ ಬರುತ್ತದೆ ಎಂದು ಒಂದೊಂದೇ ಕೇಳುತ್ತ ಬೆರಳು ಸರಿಸಿದಳು. ಬೆರಳು ನೀಲಿಯ ನಡುವೆ ಹೋಗಿ ನಿಂತಿತು.

"ಆಯಿ, ಅದು ನೀರು," ಎಂದಳು ಭುವನೇಶ್ವರಿ.

"ಈಗ ನೀರು. ಆವಾಗ ಜ್ವಾಳದ ಹೊಲ ಇತ್ತು. ಡ್ಯಾಮ್ ತುಂಬಿದ ಮ್ಯಾಲೆ ಮುಳುಗೇತಿ. ನಿಮ್ಮಪ್ಪ ಹುಟ್ಟಿದ್ದು ಇಲ್ಲೇ."

ಶನಿವಾರದ ಜಾಗಕ್ಕೆಂದು ಗೋವಿಂದರಾಯರು ಹಾಕಿಟ್ಟಿದ್ದ ಕೆಂಪು ಗುರುತು ಅವಳ ಬೆರಳಿನ ಮಗ್ಗುಲಲ್ಲೇ ಇತ್ತು. ಅವರು ಅದನ್ನೂ ಆಕೆಯನ್ನೂ ನೋಡಿದರು. "ಅಂದ್ರ ನಾವೆಲ್ಲ ಹೊಂಟಿದ್ದು ನಿಮ್ಮ ಮನೀಗೇ ಅಂದಂಗಾತು. ನೀವಿಲ್ದ ಹೆಂಗ ಬರೂದ್ರೀ?"

ಕಸ್ತೂರೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೀಗರನ್ನು ಕರೆಯುವ ಮನೆಯೊಡತಿಯ ಗತ್ತು ಆಕೆಗೆ ತಾನಾಗಿಯೇ ಬಂತು.

"ಬರ್ರಿ ಸರ, ಎಲ್ಲಾರೂ ಬರ್ರಿ. ಬರೂಮುಂದ ಕಂಬಳಿ ಅಷ್ಟ ತರ್ರಿ. ನಮ್ಮ ಮನಿಗಿ ಗ್ವಾಡಿ ಇಲ್ಲ."