ಕೇಳುವ ಕೆಲಸ

ಬೆಳಿಗ್ಗೆ ಯಂತ್ರ ಚಾಲೂ ಮಾಡಿದೊಡನೆ, ಒಂಬತ್ತೂ ಹತ್ತಕ್ಕೆ, ಪರದೆಯ ಮೇಲೆ ಒಂದು ಗೆರೆ ಎದ್ದಿತು. ಬಿತ್ತು. ಮತ್ತೆ ಎದ್ದಿತು. ಜಿಪಾರ್ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ. ನರಿನ್ ಊರಿಗಿಂತ ಎಷ್ಟೋ ಮೇಲಿನ ಈ ಹುಲ್ಲುಗಾವಲಿನಲ್ಲಿ, ದೊಡ್ಡ ಲೋಹದ ತಟ್ಟೆಯೊಂದನ್ನು ಆಕಾಶಕ್ಕೆ ತಿರುಗಿಸಿಕೊಂಡು ಅವಳು ಕೂತು ಹನ್ನೊಂದು ವರ್ಷವಾಗಿತ್ತು. ಬೇರೆ ಯಾವುದಾದರೂ ನಕ್ಷತ್ರದ ಬಳಿ ಬುದ್ಧಿಯುಳ್ಳವರಿದ್ದು, ಅವರು ರೇಡಿಯೋದಲ್ಲಿ ಮಾತಾಡಿದರೆ ಹಿಡಿಯುವುದು ಅವಳ ಕೆಲಸ. ಈವರೆಗೆ ಯಾರೂ ಮಾತಾಡಿರಲಿಲ್ಲ.

ತಟ್ಟೆಯನ್ನು ನಕ್ಷತ್ರದಿಂದ ಪಕ್ಕಕ್ಕೆ ಸರಿಸಿದಳು. ಗೆರೆ ಮಾಯ. ಮತ್ತೆ ನಕ್ಷತ್ರಕ್ಕೆ ತಂದಳು. ಗೆರೆ ಬಂತು. ರಾಜಧಾನಿ ಬಿಷ್ಕೆಕ್‌ನ ಮುಖ್ಯ ಕಚೇರಿಗೆ ಫೋನ್ ಮಾಡಿದಳು.

"ಇನ್ನೊಂದ್ಸಲ ನೋಡಿ," ಎಂದರು ನಿರ್ದೇಶಕರು. "ಯಾರ ಹತ್ರಾನೂ ಬಾಯಿಬಿಡ್ಬೇಡಿ. ಹನ್ನೊಂದು ಗಂಟೆಗೆ ಬೇರೆ ದೇಶದ ಕೇಂದ್ರದವರೂ ಅದೇ ನಕ್ಷತ್ರ ಹಿಡೀತಾರೆ. ಅಷ್ಟು ಹೊತ್ತಿಗೆ ತಟ್ಟೆ ಅಲ್ಲೇ ಇರ್ಲಿ."

ಎರಡನೆಯ ಸಲ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಾಗ ಗೆರೆ ಹೋಗಲಿಲ್ಲ. ಅಲ್ಲೇ ಎದ್ದು ಬೀಳುತ್ತಿತ್ತು. ಅಂದರೆ ಅದು ನಕ್ಷತ್ರದ್ದಲ್ಲ, ಭೂಮಿಯದು, ಅದೂ ತೀರಾ ಹತ್ತಿರದ್ದು. ಮೊದಲ ಸಲ ಕಾಕತಾಳೀಯವಾಗಿ ನಿಂತಿತ್ತಷ್ಟೇ. ಜಿಪಾರ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೈಯಲ್ಲಿ ಹಿಡಿಯುವ ಆಂಟೆನಾ ಎತ್ತಿಕೊಂಡು ಜೀಪು ಹತ್ತಿದಳು. ಆಂಟೆನಾದ ಮುಳ್ಳು ತೋರಿಸಿದ ಕಡೆಗೆಲ್ಲ ಜೀಪನ್ನು ಓಡಿಸಿಕೊಂಡು ಹೋಗಿ, ಒಂದು ಬೂದುಬಣ್ಣದ ಕಂಬಳಿಯ ಗುಡಾರದೆದುರು ನಿಲ್ಲಿಸಿದಳು. ಅಂಗಳದಲ್ಲಿ ಕೂತ ಮುದುಕಿಯೊಬ್ಬಳು ಅಂಗೈಯಗಲದ ವಾಕಿಟಾಕಿಯನ್ನು ತುಟಿಗೆ ಒತ್ತಿಕೊಂಡಿದ್ದಳು.

"ಅಮ್ಮಾ, ಅದನ್ನ ಆರಿಸಿ! ಇಲ್ಲಿ ರೇಡಿಯೋ ಬಳಸೋ ಹಾಗಿಲ್ಲ ಅಂತ ಪ್ರತಿ ಬೇಸಿಗೆಯಲ್ಲೂ ಬಂದು ಹೇಳಿ ಹೋಗಿಲ್ವಾ?"

"ಆರಿಸಿದ್ರೆ ನಮ್ಮ ಮುದುಕ ಏನಂದ್ಕೊಳ್ತಾನೆ?" ಎಂದಳು ಮುದುಕಿ ಕಾನಿಮೆತ್. ಆ ಕಡೆಯ ಹೆಂಗಸರಂತೆ ಅವಳೂ ಗಂಡನ ಹೆಸರು ಹೇಳುವವಳಲ್ಲ. "ತಪ್ಪಿಸ್ಕೊಂಡ ಕುದುರೆಮರಿ ಹುಡುಕ್ಕೊಂಡು ನಿನ್ನೆ ಬೆಟ್ಟ ದಾಟಿದ. ಇದರ ಜೋಡಿ ಅವನ ಹತ್ರ ಇದೆ. ನಿನ್ನೆ ಮಧ್ಯಾಹ್ನದಿಂದ ಉಸಿರಿಲ್ಲ. ಮೈದುನ ಬೆಳಗಿನಿಂದ ಮೂಡಣ ಕಣಿವೆಯನ್ನೆಲ್ಲ ಜಾಲಾಡಿ ಬಂದ. ನಾನು ಕೂಗ್ತಾನೇ ಇದ್ದೀನಿ ಮಗಳೇ, ಒಂದು ಗಳಿಗೆ ಬಿಟ್ಟಿಲ್ಲ."

"ಗುಂಡಿ ಒತ್ತಿರೋವಾಗ ಇದಕ್ಕೆ ಕಿವಿ ಇರೋಲ್ಲ ಅಮ್ಮಾ."

ಮುದುಕಿ ಕೈಯಲ್ಲಿದ್ದ ಯಂತ್ರವನ್ನು ಹಾವು ನೋಡಿದಂತೆ ನೋಡಿದಳು. ಗುಂಡಿ ಬಿಟ್ಟಳು. ಇಬ್ಬರೂ ಕಿವಿಗೊಟ್ಟು ಕಾದರು. ಬರೀ ಗೊರಗೊರ.

ಹತ್ತೂ ಕಾಲು. ಜಿಪಾರ್ ಗಡಿಯಾರ ನೋಡಿದಳು, ಬೆಟ್ಟ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಆಮೇಲೆ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿ ಜೀಪಿಗೆ ಹತ್ತಿಸಿದಳು. ಮೈದುನ ಕುದುರೆಯ ಮೇಲೆ ಹಿಂದೆಯೇ ಬಂದ.

ತಟ್ಟೆಯನ್ನು ಆಕಾಶದಿಂದ ಇಳಿಸಿ ಬೆಟ್ಟದ ನೆತ್ತಿಗೆ ಬಾಗಿಸಲು ಅರ್ಧ ಗಂಟೆ ಹಿಡಿಯಿತು. ಮೂಡಣ ಅಂಚಿನಿಂದ ಒಂದೊಂದೇ ಕೂದಲೆಳೆಯಷ್ಟು ಸರಿಸುತ್ತ ಬಂದಳು. ಫೋನು ಎರಡು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಕಾನಿಮೆತ್‌ಳ ಹೆಬ್ಬೆರಳು ಮತ್ತೆ ಗುಂಡಿಯ ಮೇಲೆ ಬಂತು.

"ಒತ್ಬೇಡಿ."

"ಸುಮ್ಮನಿದ್ರೆ ನಾನು ಕೈಬಿಟ್ಟೆ ಅಂದ್ಕೋತಾನೆ."

"ಒತ್ಬೇಡಿ ಅಮ್ಮಾ, ದಮ್ಮಯ್ಯ."

ಹನ್ನೊಂದು ದಾಟಿತು. ಪಡುವಣ ಕಣಿವೆಯ ಬಾಯಿಯ ನೇರಕ್ಕೆ ಬಂದಾಗ, ಗೊರಗೊರದ ಅಡಿಯಲ್ಲಿ ಟಿಕ್ ಎಂದಿತು. ಸ್ವಲ್ಪ ಬಿಟ್ಟು ಟಿಕ್, ಟಿಕ್. ಮಾತಿಲ್ಲ, ಉಸಿರಿಲ್ಲ, ಗುಂಡಿ ಒತ್ತಿ ಬಿಡುವ ಸದ್ದು ಮಾತ್ರ. ಬ್ಯಾಟರಿ ಸಾಯುತ್ತಿರಬೇಕು. ಕಾನಿಮೆತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಜಿಪಾರ್ ಕಿಟಕಿ ತಳ್ಳಿ ಕೂಗಿದಳು: "ಪಡುವಣ ಕಣಿವೆ! ಮೂಡಣ ಅಲ್ಲ, ಪಡುವಣ!" ಮೈದುನ ಆಗಲೇ ಕುದುರೆಯನ್ನು ತಿರುಗಿಸಿದ್ದ.

ಸೂರ್ಯ ಇಳಿಯುವ ಮೊದಲು ಮುದುಕ ಸಿಕ್ಕ. ಕುದುರೆ ಜಾರಿ ಅವನ ಮೇಲೆ ಬಿದ್ದು ತೊಡೆ ಮುರಿದಿತ್ತು. ವಾಕಿಟಾಕಿಯ ಮೈಕು ಕಲ್ಲಿಗೆ ಬಡಿದು ಒಡೆದು, ಅವನ ಮಾತು ಹೊರಡದಾಗಿತ್ತು. ಹೆಂಡತಿಯ ದನಿ ರಾತ್ರಿಯೆಲ್ಲ ಅವನಿಗೆ ಕೇಳುತ್ತಲೇ ಇತ್ತಂತೆ.

ನಿರ್ದೇಶಕರು ಫೋನಿನಲ್ಲಿ ಕೂಗಾಡಲಿಲ್ಲ. ಕಾರಣ ಬರೆದು ಕಳಿಸಿ ಎಂದರು, ಅಷ್ಟೆ. ಬೇರೆ ದೇಶದ ಕೇಂದ್ರದವರಿಗೆ ಆ ಗಂಟೆಯಲ್ಲಿ ಏನೂ ಕೇಳಿರಲಿಲ್ಲ.

ಮೂರನೆಯ ದಿನ ಕಾನಿಮೆತ್ ಕುದುರೆಹಾಲು ಹುಳಿಬರಿಸಿದ ಕುಮಿಸ್ ತುಂಬಿದ ಚರ್ಮದ ಚೀಲ ಹೊತ್ತು ಬಂದಳು. ಜಿಪಾರ್ ಬಟ್ಟಲಿನ ಹುಳಿಹಾಲು ಕುಡಿದು ಮುಗಿಸುವ ತನಕ ಕಾದು, ತಟ್ಟೆಯತ್ತ ಗದ್ದ ಎತ್ತಿ ಕೇಳಿದಳು.

"ಮೇಲಿನವರು ಹನ್ನೊಂದು ವರ್ಷದಿಂದ್ಲೂ ಸುಮ್ಮನೇ ಇದ್ದಾರಾ?"

"ಸುಮ್ಮನೇ."

"ನೀನು ಅವರನ್ನ ಒಂದ್ಸಲಾನಾದ್ರೂ ಕೂಗಿದ್ಯಾ?"

"ಇಲ್ಲಮ್ಮ. ನಮ್ದು ಕೇಳೋ ಕೆಲಸ ಮಾತ್ರ. ಅವರು ಎಂಥವರೋ ಏನೋ, ಇಲ್ಲಿದ್ದೀವಿ ಅಂತ ತಿಳಿಸೋದು ಅಪಾಯ ಅಂತಾರೆ. ಕೂಗೋದಕ್ಕೆ ಅಪ್ಪಣೆ ಇಲ್ಲ."

ಕಾನಿಮೆತ್ ಖಾಲಿ ಬಟ್ಟಲನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು.

"ಮತ್ತೆ ಅವರಿಗೆ ಅಪ್ಪಣೆ ಇದೆ ಅಂತ ನಿಂಗ್ಯಾರು ಹೇಳಿದ್ರು ಮಗಳೇ?"