ಶೋಕಗೀತೆಗೆ ಮೊದಲ ದನಿ

ಜೂಲಿಯೆಟ್ ಕಿಟಕಿಯನ್ನು ಧಡಾರನೆ ಮುಚ್ಚಿದಳು. ಹಾಲ್‌ನಲ್ಲಿ ಕೂತವರ ಮಾತು ನಿಂತಿತು.

"ತೆರೆದಿಡು," ಎಂದ ಗಂಡ ಡೆಕ್ಲಾನ್. "ಆತ್ಮ ಹೊರಗೆ ಹೋಗಲು ದಾರಿ ಬೇಕು. ನಮ್ಮ ಪದ್ಧತಿ ನಿನಗೆ ಗೊತ್ತು."

"ಹೋಗಬೇಕಾದವನು ಆಗಲೇ ಹೋಗಿದ್ದಾನೆ."

ಡೆಕ್ಲಾನ್ ತಾನೇ ಬಂದು ಕಿಟಕಿ ತೆರೆದ. ಬಿಸಿಗಾಳಿಯೊಂದಿಗೆ ಧೂಳು ನುಗ್ಗಿತು. ಎಸಿ ಏದುಸಿರು ಬಿಟ್ಟಿತು.

ಕೊಲ್ಲಿ ನಾಡಿನ ಅಬು ಹಮೂರ್‌ನ ಆ ವಿಲ್ಲಾಕ್ಕೆ ಶುಕ್ರವಾರದ ಪೂಜೆ ಮುಗಿಸಿದ ಜನ ಚರ್ಚಿನಿಂದ ನೇರವಾಗಿ ಬಂದಿದ್ದರು. ಸಾವಿನ ಮನೆಯಲ್ಲಿ ನೆರೆದು, ಚಹಾ ಕುಡಿದು, ಹೋದವರ ಕಥೆ ಹೇಳಿ, ಹಾಡಿ ಕಳಿಸಿಕೊಡುವ ಐರಿಷ್ ಜಾಗರಣೆ ಅದು. ಗೋಡೆ ಗಡಿಯಾರ ನಿಲ್ಲಿಸಿದ್ದರು. ಕನ್ನಡಿಗೆ ಹಾಸಿಗೆ ಬಟ್ಟೆ ಹೊದಿಸಿದ್ದರು. ಮೇಜಿನ ಮೇಲೆ ಮಗ ರೋನನ್‌ನ ಫೋಟೊ, ಎರಡು ಮೇಣದಬತ್ತಿ.

ಬಂದವರೆಲ್ಲ ಮೊದಲು ಡೆಕ್ಲಾನ್‌ನ ಕೈ ಹಿಡಿದು, "ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ" ಎನ್ನುತ್ತಿದ್ದರು. ಆಮೇಲೆ ಜೂಲಿಯೆಟ್‌ಳ ಕಡೆ ತಿರುಗುತ್ತಿದ್ದರು. ಅವಳು ಯಾರಿಗೂ ಕೈ ಕೊಡಲಿಲ್ಲ.

"ಡಬ್ಲಿನ್‌ನಲ್ಲಿ ಎಲ್ಲ ಮುಗಿದುಹೋಯಿತು," ಎಂದು ಡೆಕ್ಲಾನ್ ಪ್ರತಿಯೊಬ್ಬರಿಗೂ ಹೇಳುತ್ತಿದ್ದ. "ಸ್ವಲ್ಪ ದಿನ ಕಳೆದಿದ್ದರೆ ಪಾದ್ರಿ ಆಗುತ್ತಿದ್ದ ಹುಡುಗ." ಹೇಗೆ, ಏನು ಎಂದು ಯಾರೂ ಕೆದಕಲಿಲ್ಲ. ಅಂಥ ಮನೆಯಲ್ಲಿ ಕೆದಕುವುದು ಮರ್ಯಾದೆಯಲ್ಲ.

ಪಕ್ಕದ ಮನೆಯ ಹಬೀಬಾ ಉಳ್ಳಾಲದವಳು, ಜೂಲಿಯೆಟ್‌ಳಂತೆಯೇ ಕರಾವಳಿಯವಳು. ಅವಳು ಮೆಲ್ಲಗೆ ಕೇಳಿದಳು. "ಜೂಲಿಯೆಟಕ್ಕಾ, ನೀವು ಹೋಗಿ ಮುಖ ಆದ್ರೂ ನೋಡಿ ಬರ್ಬಹುದಿತ್ತಲ್ಲ?"

"ಟಿಕೆಟ್ ತೆಗೆದಿದ್ದೆ. ಡೆಕ್ಲಾನ್ ನನ್ನ ಪಾಸ್‌ಪೋರ್ಟ್ ಅಡಗಿಸಿಟ್ಟ."

ಹಬೀಬಾ ಅವಳ ಹತ್ತಿರಕ್ಕೆ ಸರಿದು ಕೂತಳು. "ಒಮ್ಮೆ ಅತ್ತುಬಿಡಿ ಮಾರಾಯ್ರೆ. ಹಗುರ ಆಗ್ತದೆ."

"ನಾನು ಅಳುದಿಲ್ಲ."

ಅತ್ತ ಡೆಕ್ಲಾನ್, ರೋನನ್ ಚಿಕ್ಕವನಿದ್ದಾಗ ಪೂಜೆಯ ನಡುವೆ ನಿದ್ದೆ ಹೋಗಿ ಬೆಂಚಿನಿಂದ ಉರುಳಿಬಿದ್ದ ಕಥೆ ಹೇಳಿದ. ಎಲ್ಲರೂ ನಕ್ಕರು. ಜೂಲಿಯೆಟ್‌ಳ ಮೈ ಉರಿಯಿತು. ಐರ್ಲೆಂಡಿನ ಗಾಲ್ವೇಯಲ್ಲಿ ಅತ್ತೆಯ ಜಾಗರಣೆಗೆ ಅವಳು ಹೋಗಿದ್ದಳು. ಅಲ್ಲಿ ಹೆಣದ ಪಕ್ಕದಲ್ಲೇ ಕೂತು, ಕಣ್ಣೊರೆಸಿಕೊಳ್ಳುತ್ತ ಅವಳೂ ನಕ್ಕಿದ್ದಳು. ಆ ನಗು ಪ್ರೀತಿಯದು. ಇಲ್ಲಿ ಗಂಡನ ಬಾಯಿಂದ ಬರುತ್ತಿದ್ದ ಒಂದೊಂದು ಮಾತೂ ಅವಳಿಗೆ ಉಗುಳಿದಂತೆ ಕೇಳುತ್ತಿತ್ತು.

ಚರ್ಚಿನ ಐರಿಷ್ ಬಳಗದಲ್ಲಿ ಎಲ್ಲರಿಗಿಂತ ಹಿರಿಯಳಾದ ಮೊಯಿರಾ ಎದ್ದು ನಿಂತಳು. ಶೋಕಗೀತೆಯ ಹೊತ್ತಾಗಿತ್ತು. "ಹೆತ್ತವಳು ಮೊದಲ ದನಿ ಎತ್ತಬೇಕು. ಆಮೇಲೆ ನಾವು," ಎಂದಳು.

ಎಲ್ಲರ ಕಣ್ಣೂ ಜೂಲಿಯೆಟ್‌ಳ ಮೇಲೆ ನೆಟ್ಟವು. ಅವಳು ಹಲ್ಲು ಕಚ್ಚಿ ಕೂತಳು.

ಡೆಕ್ಲಾನ್ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. "ಹಾಡು. ಇವತ್ತಿಗೆ ಇದೆಲ್ಲ ಮುಗಿಯಲಿ."

"ನಿನ್ನ ಪಾಲಿಗೆ ಮುಗಿಸಿಕೋ. ನನ್ನ ಪಾಲಿಗೆ ಮುಗಿಸಲು ನೀನು ಯಾರು?"

"ಜನರ ಮುಂದೆ ನನ್ನ ಮಾನ ಕಳೆಯಬೇಡ."

"ಮಗನಿಗಿಂತ ಮಾನ ದೊಡ್ಡದಾಯಿತಲ್ಲ ನಿನಗೆ!"

ತಾಯಿಗೆ ದನಿ ಹೊರಡುತ್ತಿಲ್ಲ ಎಂದುಕೊಂಡು ಮೊಯಿರಾ ತಾನೇ ಶುರು ಮಾಡಿದಳು. ಪದಗಳಿಲ್ಲದ ನೀಳ ಆಲಾಪ. ಒಬ್ಬೊಬ್ಬರಾಗಿ ದನಿಗೂಡಿಸಿದರು. ಡೆಕ್ಲಾನ್ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಮಗನ ಹೆಸರು ಹಿಡಿದು ಹಾಡಿದ.

ಆ ಬಾಯಲ್ಲಿ ಆ ಹೆಸರು ಕೇಳಿದ್ದೇ ಜೂಲಿಯೆಟ್ ಧಿಗ್ಗನೆ ಎದ್ದಳು.

"ನಿಲ್ಲಿಸಿ!"

ಹಾಡು ತುಂಡಾಯಿತು. ಅವಳು ಫೋನ್ ತೆಗೆದು ಮಗನ ನಂಬರ್ ಒತ್ತಿದಳು, ಸ್ಪೀಕರ್ ಹಾಕಿದಳು. ಡೆಕ್ಲಾನ್ ಮುನ್ನುಗ್ಗಿದ. "ಬೇಡ ಜೂಲಿಯೆಟ್!" ಅವಳು ಅವನನ್ನು ಆಚೆ ತಳ್ಳಿದಳು.

ಹಬೀಬಾ ಅಳುತ್ತ ಅವಳ ತೋಳು ಹಿಡಿದಳು. "ಅಕ್ಕಾ, ಅವನ ನಂಬರಿಗೆ ಇನ್ನು ಯಾರು ಉತ್ತರ ಕೊಡ್ತಾರೆ?"

ಅತ್ತ ಕಡೆ ಫೋನ್ ರಿಂಗಾಗುತ್ತಲೇ ಇತ್ತು. ಆಮೇಲೆ ನಿಂತಿತು.

"ಹಲೋ ಮಮ್ಮಿ," ಎಂದ ರೋನನ್, "ಪಪ್ಪನ ಕೋಪ ಇಳಿಯಿತಾ? ನನ್ನ ಮದುವೆಗೆ ಬರ್ತಾರಂತಾ?"