ಆಚೆ ಕೇರಿಯ ಕುದುರೆ

ಕಾರು ನಿಲ್ಲಿಸಿದ ಮೇಲೂ ಲಾಪೊ ಇಳಿಯಲಿಲ್ಲ. ಸಾನ್ ಜಿಮಿನ್ಯಾನೊದ ಕೋಟೆಬಾಗಿಲಿನ ಹೊರಗೆ ಸಾಲಾಗಿ ನಿಂತಿದ್ದ ಕಾರುಗಳನ್ನೆಲ್ಲ ಕನ್ನಡಿಯಲ್ಲಿ ನೋಡಿದ. ಪರಿಚಯದ್ದು ಒಂದೂ ಇರಲಿಲ್ಲ.

“ಇಳಿ,” ಎಂದ.

ಜಿನೆವ್ರಾ ಕಪ್ಪು ಕನ್ನಡಕ ಹಾಕಿಕೊಂಡು ಇಳಿದಳು. ಅವಳ ಕಾರು ಪೊಜ್ಜಿಬೊನ್ಸಿಯ ರೈಲು ನಿಲ್ದಾಣದ ಬಳಿ ಇತ್ತು. ಸಿಯೆನಾದಿಂದ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೊರಟಿದ್ದರು.

“ಮನೇಲಿ ಏನು ಹೇಳಿದೆ?”

“ಲುಕ್ಕಾದಲ್ಲಿ ಗೆಳತಿಗೆ ಹೆರಿಗೆ ಅಂತ.”

“ಹೋದ ವರ್ಷವೂ ಹೆತ್ತಿದ್ದಳಲ್ಲ?”

“ಅವಳಿಗೆ ಮಕ್ಕಳು ಅಂದ್ರೆ ಇಷ್ಟ.”

ಲಾಪೊ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸಿಯೆನಾದಲ್ಲಿ ಅದು ಕೇರಿ ಕೇರಿಗಳ ನಡುವಿನ ಕುದುರೆ ಓಟದ ವಾರ. ಚೀಟಿ ಎತ್ತಿ ಕುದುರೆಗಳನ್ನು ಹಂಚಿ ಆಗಿತ್ತು. ಲಾಪೊ ತನ್ನ ಕೇರಿಯ ನಾಯಕನ ಬಲಗೈ. ಯಾವ ಸವಾರನಿಗೆ ಏನು ಮಾತು ಕೊಟ್ಟಿದೆ, ಯಾರ ಕುದುರೆಗೆ ಯಾರು ಅಡ್ಡ ಬರಬೇಕು, ಎಲ್ಲವೂ ಅವನಿಗೆ ಗೊತ್ತು. ಅಂಥವರು ಈ ದಿನಗಳಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳುವವಳು ಹೆಂಡತಿ. ಅವಳು ಪೆಟ್ಟಿಗೆ ಹಿಡಿದು ತವರಿಗೆ ಹೊರಟಾಗಿತ್ತು. ಓಟದ ವಾರ ಪ್ರತಿ ಸಲ ಹೊರಡುತ್ತಿದ್ದಳು.

ಈ ಪ್ರವಾಸದ ಸುದ್ದಿ ಊರು ಮುಟ್ಟಿದರೆ ಮಾತ್ರ ಲಾಪೊ ತನ್ನ ಕೇರಿಯಲ್ಲಿ ಮತ್ತೆ ತಲೆ ಎತ್ತುವಂತಿರಲಿಲ್ಲ.

ಹೋಟೆಲಿನ ಹುಡುಗಿ ಎರಡು ಗುರುತಿನ ಚೀಟಿ ತೆಗೆದುಕೊಂಡಳು. ಎರಡು ಬೇರೆ ಬೇರೆ ಮನೆತನದ ಹೆಸರು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಂದು ಕೋಣೆಯ ಒಂದು ಕೀಲಿ ಕೊಟ್ಟಳು.

ಸಂಜೆ ಗೋಪುರಗಳ ನೆರಳಿನಲ್ಲಿ ಅಂಗಡಿ ಸುತ್ತಿದರು. ಜಿನೆವ್ರಾ ಒಂದು ಅಂಗಿ ಎತ್ತಿ ಅವನ ಎದೆಗೆ ಹಿಡಿದಳು.

“ಬೇರೆ ಕೇರಿಯ ಈ ಬಣ್ಣ ಹಾಕ್ಕೊಂಡು ಹೋದ್ರೆ ನಮ್ಮ ಕೇರಿಯವರು ನನ್ನ ಚರ್ಮ ಸುಲೀತಾರೆ.”

“ಗೊತ್ತು,” ಎಂದಳು. ಅಂಗಿ ಕೊಂಡಳು.

ಬಾವಿಯ ಕಟ್ಟೆಯ ಮೇಲೆ ಕುಳಿತು ಐಸ್‌ಕ್ರೀಮ್ ತಿಂದರು.

“ಸ್ವಲ್ಪ ದಿನ ತಡ್ಕೊಳ್ಳಬಹುದಿತ್ತು,” ಎಂದ ಲಾಪೊ.

“ತಡ್ಕೊಳ್ಳಬಹುದಿತ್ತು,” ಎಂದಳು ಜಿನೆವ್ರಾ. “ಒಬ್ಬಳೇ ಮಲಗಿದ್ರೆ ನಿದ್ದೆ ಬರಲ್ಲ.”

ಮರುದಿನ ವೋಲ್ತೆರ್ರಾ. ಹಳೆಯ ರಂಗಮಂದಿರದ ಕಲ್ಲುಗಳನ್ನು ಮೇಲಿನಿಂದಲೇ ನೋಡಿ, ಅಲಬಾಸ್ಟರ್ ಕಲ್ಲು ಕಡೆಯುವವನ ಅಂಗಡಿಗೆ ಹೊಕ್ಕರು. ಲಾಪೊ ಒಂದು ಬಟ್ಟಲು ಆರಿಸಿದ. ಬೆಳಕಿಗೆ ಹಿಡಿದರೆ ಹಾಲಿನ ಕೆನೆಯಂತೆ ಕಾಣುತ್ತಿತ್ತು.

“ಬೇಡ. ಯಾರು ಕೊಟ್ಟದ್ದು ಅಂತ ಮನೇಲಿ ಕೇಳ್ತಾರೆ.”

“ಗೆಳತಿ ಕೊಟ್ಟಳು ಅನ್ನು.”

“ಹೆತ್ತವಳು ಯಾರಿಗಾದ್ರೂ ಉಡುಗೊರೆ ಕೊಡ್ತಾಳಾ?”

ಲಾಪೊ ಬಾಗಿಲಿನ ಕಡೆ ನೋಡಿ ಮಾತು ನಿಲ್ಲಿಸಿದ. ಬೀದಿ ದಾಟಿ ನೊರ್ಮಾ ಚಿಕ್ಕಮ್ಮ ಬರುತ್ತಿದ್ದಳು. ಅವನ ಕೇರಿಯ ಅಡುಗೆಮನೆಗೆ ಅವಳೇ ದೊಡ್ಡವಳು. ಕೇರಿಗೆಲ್ಲ ಚಿಕ್ಕಮ್ಮ. ಅವಳಿಗೆ ತಿಳಿದದ್ದು ಸಾರು ಕುದಿಯುವುದರೊಳಗೆ ಊರಿಗೆ ತಿಳಿಯುತ್ತಿತ್ತು.

ಜಿನೆವ್ರಾ ಪರದೆ ಸರಿಸಿ ಕಲ್ಲು ಕಡೆಯುವ ಒಳಕೋಣೆಗೆ ಹೋದಳು. ಅವಳ ಕೈಚೀಲ ಲಾಪೊನ ತೋಳಿನಲ್ಲೇ ಉಳಿಯಿತು.

“ಏನೋ ಲಾಪೊ, ನೀನಿಲ್ಲಿ? ಬೇಡ, ಹೇಳಬೇಡ. ನಾಯಕರ ಕೆಲಸ ಇರುತ್ತೆ. ನಾನು ತಂಗಿ ಮನೆಯಿಂದ ಪೆಕೊರಿನೊ ಚೀಸ್ ತಗೊಂಡು ಹೋಗೋಕೆ ಬಂದೆ, ನಾಳೆಯ ಊಟಕ್ಕೆ. ನಿನ್ನ ಹೆಂಡ್ತಿ ಆಚೆ ಕೇರಿಗೆ ಹೋದ್ಲಾ?”

“ಕುದುರೆ ಹಂಚಿದ ದಿನವೇ ಹೋದ್ಲು, ಚಿಕ್ಕಮ್ಮ.”

“ಒಳ್ಳೇದಾಯ್ತು. ಹುಡುಗಿ ಒಳ್ಳೆಯವಳೇ, ಹುಟ್ಟಿದ ಕೇರಿ ಕೆಟ್ಟದ್ದು. ವರ್ಷಪೂರ್ತಿ ಸಂಸಾರ ಮಾಡಿ, ಯಾರು ಬೇಡ ಅಂತಾರೆ? ಓಟದ ವಾರ ಮಾತ್ರ ಶತ್ರು ಹಾಸಿಗೆಯಲ್ಲಿ ಇರಬಾರದು.”

“ಹೌದು, ಚಿಕ್ಕಮ್ಮ.”

ನೊರ್ಮಾಳ ಕಣ್ಣು ಅವನ ತೋಳಿಗೆ ಇಳಿಯಿತು. ಅಲ್ಲಿಂದ ಪರದೆಗೆ ಹೋಯಿತು. ಪರದೆಯ ಕೆಳಗೆ ಕೆಂಪು ಬಣ್ಣ ಹಚ್ಚಿದ ಕಾಲುಗುರುಗಳು ಕಾಣುತ್ತಿದ್ದವು.

“ಆ ಚೀಲ ನಿನಗೆ ಒಪ್ಪುತ್ತೆ ಕಣೋ,” ಎಂದಳು.

ಲಾಪೊ ಚೀಲವನ್ನು ಬೆನ್ನ ಹಿಂದೆ ಸರಿಸಿದ.

“ಬೆವರಬೇಡ. ನಾನೇನೂ ನೋಡಿಲ್ಲ. ಮನೇಲಿ ಹೆಂಡ್ತಿ ಇಲ್ಲ, ಗಂಡಸು ಎಲ್ಲೋ ಒಂದು ತುತ್ತು ತಿಂತಾನೆ. ನಮ್ಮನೆಯವರೂ ತಿಂದ್ರು. ಅವರು ಸತ್ತಾಗ ಅಳೋದಕ್ಕೆ ನನಗೊಬ್ಬಳು ಜೊತೆ ಸಿಕ್ಕಿದ್ಲು.” ಅವನ ಕೆನ್ನೆ ತಟ್ಟಿದಳು. “ನನ್ನ ಬಾಯಿಂದ ಒಂದು ಮಾತು ಹೊರಗೆ ಬರಲ್ಲ.”

ಲಾಪೊನ ಹೆಗಲು ಇಳಿಯಿತು. ಚಿಕ್ಕಮ್ಮ ಹೊರಡಲು ತಿರುಗಿ, ಬಾಗಿಲಲ್ಲಿ ನಿಂತಳು.

“ಆಚೆ ಕೇರಿಯವರಿಗೆ ಬಂದಿರೋದನ್ನ ನೋಡಿದ್ಯಾ? ಅದು ಕುದುರೆ ಅಲ್ಲ ಕಣೋ, ನನ್ನ ಅಡುಗೆಮನೆ ಸ್ಟೂಲು. ನಾಲ್ಕು ಕಾಲಿದೆ ಅಷ್ಟೆ.”

ಲಾಪೊ ಜೋರಾಗಿ ಕೆಮ್ಮಿದ.

“ಓಟ ಶುರುವಾಗೋಕೆ ಹಗ್ಗ ಬೀಳೋದ್ರೊಳಗೆ ಅದು ನಿಂತಲ್ಲೇ ನಿದ್ದೆ ಹೋಗುತ್ತೆ,” ಎಂದಳು ಚಿಕ್ಕಮ್ಮ.

ಪರದೆ ಸರಿಯಿತು. ಜಿನೆವ್ರಾ ಹೊರಗೆ ಬಂದಳು. ಕೂದಲಿಗೆ, ಹುಬ್ಬಿಗೆ ಕಲ್ಲಿನ ಬಿಳಿ ಪುಡಿ ಮೆತ್ತಿತ್ತು. ಲಾಪೊನ ಕಡೆ ನೋಡಲಿಲ್ಲ.

“ನಮ್ಮ ಕುದುರೆ ಸುದ್ದಿ ನಿಮಗೆ ಬೇಡ,” ಎಂದಳು. “ನಿಮ್ಮದು ಹಂಚೋ ದಿನವೇ ಕುಂಟ್ತಾ ಇತ್ತು.”

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. ನಗು ಇಳಿಯಿತು. ಚೀಸಿನ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಗೋಡೆಗೆ ಕೈಯೂರಿ ನಿಂತಳು.

“ಅಯ್ಯೋ ಪಾಪಿ,” ಎಂದಳು ಲಾಪೊನಿಗೆ, ದನಿ ತಗ್ಗಿಸಿ. “ಹೆಂಡ್ತಿ ಜೊತೆ ಬಂದಿದ್ದೀಯಾ?”